ಮೂರು ಎಕ್ಕದ ಜಾಣ

ಮೂರು ಎಕ್ಕಗಳು ಕೈಗೆ ಬಂದಾಗ ನನ್ನ ಮೈಮೇಲೆ ಅಂಗಿ ಇರಲಿಲ್ಲ. ಯುಗಾದಿಗೆಂದು ಕೊಳ್ಳೇಗಾಲದಲ್ಲಿ ಹೊಲಿಸಿದ ಟೆರಿಲಿನ್ ಅಂಗಿಯನ್ನು ಬಿಚ್ಚಿ ಪಣಕ್ಕಿಟ್ಟಿದ್ದೆ. ಅದಕ್ಕೆದುರಾಗಿ ಮಾದಸ್ವಾಮಿ ಇಟ್ಟಿದ್ದು ಒಂದು ಕೆಂಪು ಹುಂಜ. ಅದೂ ನಮ್ಮದೇ, ಹಿಂದಿನ ಆಟದಲ್ಲಿ ಅವನಿಗೆ ಸೋತಿದ್ದೆ. ನಾಳೆ ವರ್ಷದ ತೊಡಕು. ರಾಮಾಪುರದ ಬಸ್ಸಿಗೆ ಭಾಮೈದ ಬಾಡೂಟಕ್ಕೆ ಬರುತ್ತಾನೆ. ಹುಂಜವಿಲ್ಲದೆ ಮನೆಗೆ ಹೋದರೆ ನನ್ನ ಹೆಂಡತಿ ಚನ್ನಾಜಮ್ಮ ನನ್ನನ್ನೇ ಕೊಯ್ದು ಸಾರು ಮಾಡುವವಳು.

ನಾವು ಹಬ್ಬದ ಇಸ್ಪೀಟಿಗೆ ಕೂತಿದ್ದು ಪುಟ್ಟಸಿದ್ದಯ್ಯನ ಕೊಟ್ಟಿಗೆಯಲ್ಲಿ. ಮೂರೆಲೆ ಆಟದಲ್ಲಿ ಮೂರು ಎಕ್ಕಕ್ಕಿಂತ ದೊಡ್ಡದಿಲ್ಲ. ತೆಪ್ಪಗೆ ಎಲೆ ಬಿಚ್ಚಿದ್ದರೆ ಅಂಗಿ, ಹುಂಜ ಎರಡೂ ನನ್ನವು. ಆದರೆ ನಾನು ಮಹಾ ಜಾಣನಲ್ಲವೇ! ಮಾದಸ್ವಾಮಿಯ ಹಿಂದೆ ಗೂಟಕ್ಕೆ ಕಟ್ಟಿದ್ದ ಅವನ ಮೇಕೆಮರಿಯ ಮೇಲೆ ನನ್ನ ಕಣ್ಣು ಬಿತ್ತು. ನಾನೇ ಜೋರಾಗಿ ಮುಂದೆ ಕಟ್ಟಿದರೆ ಅವನು ಹೆದರಿ ಎಲೆ ಎಸೆದುಬಿಡುತ್ತಾನೆ. ಸೋತ ಮುಖ ಹಾಕಿಕೊಂಡರೆ ಧೈರ್ಯ ಬಂದು ಮೇಕೆಯನ್ನೂ ಕಟ್ಟುತ್ತಾನೆ. ಆಮೇಲೆ ಬಿಚ್ಚೋಣ ಅಂದುಕೊಂಡು ಉದ್ದಕ್ಕೆ ಉಸಿರುಬಿಟ್ಟೆ.

"ಯಾಕ್ಲಾ ಚಿಕ್ಕಸಿದ್ದಯ್ಯ, ಎಲೆ ಬರ್ನಿಲ್ವಾ?" ಅಂದ ಮಾದಸ್ವಾಮಿ.

"ನನ್ನ ಅಣೆಬರಕ್ಕೆ ಎಲೆ ಬೇರೆ ಬತ್ತದಾ? ಉಂಜನೂ ಓಯ್ತು, ಅಂಗಿನೂ ಓಯ್ತದೆ. ನಾಳೆ ಬಾಮೈದ್ನಿಗೆ ಏನಪ್ಪಾ ಇಕ್ಲಿ?" ಅಂದು ಕಣ್ಣೊರೆಸಿಕೊಂಡೆ. ನಿಜವಾಗಿಯೂ ಎರಡು ಹನಿ ಬಂದವು. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಮಾದಸ್ವಾಮಿ ಹಿಂದಕ್ಕೆ ತಿರುಗಿ ಮೇಕೆಯ ಹಗ್ಗಕ್ಕೆ ಕೈಹಾಕಿದ. ನನ್ನ ಮುಖವನ್ನೊಮ್ಮೆ ನೋಡಿದ. ಹಗ್ಗ ಬಿಟ್ಟುಬಿಟ್ಟ.

"ಅಳ್ಬ್ಯಾಡ ಬುಡ್ಲಾ," ಅಂದು ತನ್ನ ಎಲೆಗಳನ್ನು ನೆಲಕ್ಕೆ ಹಾಕಿದ. ಮೂರೂ ರಾಜ! "ನಾನು ಮೇಕೆ ಕಟ್ಟಿದ್ರೆ ನೀನು ಪಂಚೆನೂ ಬಿಚ್ಬೇಕಾಗಿತ್ತು. ಅಬ್ಬದ ದಿನ ಇನ್ನೊಬ್ರ ಮನೆ ಸಾರು ಕೆಡಿಸ್ಬಾರ್ದು. ಈ ಆಟ ನಿಂದೇ ಅನ್ಕೊ. ಅಂಗಿ, ಉಂಜ ತಕಂಡು ನಡಿ."

"ದರ್ಮಾತ್ಮ ಕಣ್ಲಾ ನೀನು!" ಎಂದು ಪುಟ್ಟಸಿದ್ದಯ್ಯ ಅವನ ಬೆನ್ನು ತಟ್ಟಿದ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಆ ಪೂಜಾರಿಯೂ ನಾನೇ. ಎಕ್ಕ ತೋರಿಸಿದರೆ ಕಳ್ಳ, ತೋರಿಸದಿದ್ದರೆ ಭಿಕಾರಿ. ಮೂರನ್ನೂ ಮಗುಚಿ ಉಳಿದ ಎಲೆಗಳ ನಡುವೆ ತೂರಿಸಿದೆ. ಹುಂಜವನ್ನು ಕಂಕುಳಿಗೆ ಇರುಕಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಹೊಟ್ಟೆ ಉರಿಯುತ್ತಿತ್ತು.

ಮರುದಿನ ಊಟಕ್ಕೆ ಕೂತ ಭಾಮೈದ ಹುಂಜದ ತುಂಡನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಬಟ್ಟಲನ್ನು ಎಳೆದುಕೊಂಡ. "ಬಾವ, ಉಂಜ ಒಸಿ ಬಲ್ತೋಗದೆ. ಈ ಮೇಕೆ ಸಾರಿದ್ಯಲ್ಲ, ಏನ್ ರುಚಿ ಅಂತೀನಿ!"

"ಮೇಕೆ ಸಾರಾ? ಎಲ್ಲಿಂದ ಬಂತು?" ಅಂದೆ.

"ಮಾದಸ್ವಾಮಣ್ಣ ಕಳಿಸವ್ರೆ," ಅಂದಳು ಚನ್ನಾಜಮ್ಮ. "ನಿನ್ನೆ ನಿಮ್ಮ ಮೊಕ ನೋಡಿ ಅವ್ರ ಕರ್ಳು ಚುರುಕ್ ಅಂತಂತೆ. ಮೂರು ರಾಜ ಮಡಿಕಂಡೂ ಸೋತ್ರಂತೆ, ಪುಣ್ಯಾತ್ಮ." ಒಂದು ದೊಡ್ಡ ತುಂಡನ್ನು ನನ್ನ ಎಲೆಗೆ ಹಾಕಿ, ಮರುಕದಿಂದ ನನ್ನನ್ನೇ ನೋಡಿದಳು. "ಊಂ, ತಿನ್ನಿ. ಒಂದ್ಸಲನಾದ್ರೂ ಅಂತಾ ಎಲೆ ನಿಮ್ಮ ಕೈಗೆ ಬಂದಿದ್ದಾವಾ?"