ಅಪ್ಪನಿಗೆ ಇಟ್ಟ ಕಾಫಿ

ಹಿರಿಯರ ಹಬ್ಬದ ದಿನ ಮಂಚಯ್ಯ, ಸತ್ತ ಅಪ್ಪನ ಎಡೆಗೆ ಬೆಳ್ಳಿ ಲೋಟದಲ್ಲಿ ಬಿಸಿ ಕಾಫಿ ಇಟ್ಟ.

"ಹೆಂಡ ಬಿಟ್ಟು ಕಾಫಿಯಾ? ಮಾವ ಬೈಕೊಂಡು ಹೋಗ್ತಾರೆ," ಹೆಂಡತಿ ನಕ್ಕಳು.

"ಸುಮ್ನಿರೇ! ಸಾವ್ಕಾರ್ರ ತೋಟದಲ್ಲಿ ಸಾಯೋತನಕ ಕಾಫಿ ಹಣ್ಣು ಬಿಡಿಸ್ದ. ಅದೇ ಕಾಫೀನ ಹೋಟ್ಲು ಹೊರಗೆ ನಿಂತು, ಬೇರೆ ಲೋಟದಲ್ಲಿ ಕುಡಿದು, ತಾನೇ ತೊಳೆದಿಡಬೇಕಿತ್ತು. ಇವತ್ತಾದ್ರೂ ಒಳಗೆ ಕೂತು ಯಜಮಾನನ ಹಂಗೆ ಕುಡಿದು, ಎಂಜಲು ಲೋಟ ಬಿಟ್ಟು ಹೋಗ್ಲಿ."

ಸತ್ತವರು ಉಣ್ಣಲೆಂದು ರೂಢಿಯಂತೆ ಬಾಗಿಲು ಮುಚ್ಚಿ ಎಲ್ಲರೂ ಹಿತ್ತಲಲ್ಲಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಮಂಚಯ್ಯ ಕೆಮ್ಮಿ, ಬಾಗಿಲು ತೆರೆದ. ಅನ್ನ, ವಡೆ ಹಾಗೇ ಇದ್ದವು. ಲೋಟ ಇರಲಿಲ್ಲ.

"ಇಲ್ಲಿ ಬನ್ನಿ," ಬೀದಿಬಾಗಿಲಿಗೆ ಹೋದ ಹೆಂಡತಿ ಕೂಗಿದಳು.

ಹೊರಗೆ, ಜಗುಲಿಯ ತುದಿಯಲ್ಲಿ ತೊಳೆದ ಲೋಟ ಬೋರಲಾಗಿತ್ತು, ಇನ್ನೂ ನೀರಿಳಿಯುತ್ತಿತ್ತು.