ಮೂಕ ಸಿನಿಮಾಕ್ಕೆ ದನಿಯಾದ ಓಣಿ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು ಅನ್ನಿಸಬಹುದು.

ದಾವಲ್ ನದಾಫ್ ಹುಟ್ಟಿದ್ದು ಹುಬ್ಬಳ್ಳಿಯ ಒಂದು ಗಿರಣಿ ಚಾಳದಲ್ಲಿ, ಕಾರ್ಮಿಕರ ಸಾಲುಮನೆಗಳಲ್ಲಿ. ಅಪ್ಪ, ಅವ್ವ ಇಬ್ಬರೂ ಬಟ್ಟೆ ಗಿರಣಿಯಲ್ಲಿ ದುಡಿದವರು.

ಮೊಹರಂ ಪದ, ಎದುರು ಮನೆಯ ಭಜನೆ, ಗಿರಣಿ ಗೇಟಿನ ಮುಂದಿನ ಘೋಷಣೆ... ಅವನು ಸಂಗೀತ ಕಲಿತದ್ದು ಇವುಗಳಿಂದಲೇ.

ದೊಡ್ಡವನಾದ ಮೇಲೆ ಬೆಂಗಳೂರಿನ ಸಿನಿಮಾದವರು ಹಾಡಲು ಕರೆದರು. ಅವನು ಹೋಗಲಿಲ್ಲ.

"ನನ್ನ ಹಾಡು ಹುಟ್ಟೋದು ಈ ಓಣ್ಯಾಗ ರೀ. ಅಲ್ಲಿ ಬಂದು ಏನ್ ಹಾಡ್ಲಿ?" ಅಂದುಬಿಟ್ಟ.

ಅಷ್ಟರಲ್ಲಿ ಗಿರಣಿ ಮುಚ್ಚಿತ್ತು. ಜಾಗ ಕೊಂಡವರು ಚಾಳ ಕೆಡವಿ ಮಾಲ್ ಕಟ್ಟಲು ಹೊರಟರು...

ದಾವಲ್ ಹಾರ್ಮೋನಿಯಂ ಹೊತ್ತು ಬೀದಿಗಿಳಿದ. ಹಾಡು ಕಟ್ಟಿದ, ಧರಣಿ ಕೂತ, ಲಾಕಪ್ಪಿಗೂ ಹೋಗಿ ಬಂದ. ಆಮೇಲೆ ಬಾಡಿಗೆ ಕ್ಯಾಮೆರಾ ತಂದು ಚಾಳದ ಜನರದ್ದೇ ಒಂದು ಸಿನಿಮಾ ಮಾಡತೊಡಗಿದ.

ಧರಣಿಯಲ್ಲಿ ಸದಾ ಮುಂದಿನ ಸಾಲಿನಲ್ಲಿ ಇರುತ್ತಿದ್ದವಳು ಫಕ್ಕೀರವ್ವ. ಗಿರಣಿಯಲ್ಲಿ ನೂಲು ತೆಗೆದು ತೆಗೆದು ಕೈ ಒರಟಾಗಿದ್ದ ಮುದುಕಿ.

ಬೇಸಿಗೆಯ ಬಿಸಿಲಿನಲ್ಲಿ ಕೂತು ಕೂತು ಆಕೆಗೆ ಜ್ವರ ಬಂತು... ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ಬಂದ ದಿನ ಮಗಳು ಕಸ್ತೂರಿ ದಾವಲ್‌ನನ್ನು ಬಾಗಿಲಲ್ಲೇ ತಡೆದಳು.

"ನಿನ್ನ ಹಾಡು ಕೇಳೇ ನಮ್ಮವ್ವ ಬೀದಿಗೆ ಬಂದ್ಲು. ಇನ್ನ ಈ ಹೊಸ್ತಿಲಾ ತುಳೀಬ್ಯಾಡ!"

ಅವನು ತಲೆ ತಗ್ಗಿಸಿ ಹೋದ.

ಸಿನಿಮಾ ಮುಗಿಯಿತು. ಮೊದಲ ಪ್ರದರ್ಶನ ಚಾಳದಲ್ಲೇ, ಮುಚ್ಚಿದ ಗಿರಣಿಯ ಬಿಳಿ ಗೋಡೆಯ ಮೇಲೆ. ಸಂಜೆಗೆ ಓಣಿಗೆ ಓಣಿಯೇ ಚಾಪೆ ಹಾಸಿಕೊಂಡು ಕೂತಿತ್ತು.

ಆಗ ಪೊಲೀಸ್ ಜೀಪು ಬಂತು...

"ಸ್ಪೀಕರ್ ಹಚ್ಚಾಕ ಪರ್ಮಿಷನ್ ಸಿಕ್ಕಿಲ್ಲ ನಿಮಗ. ಚಿತ್ರ ಬೇಕಾದ್ರ ತೋರಸ್ರಿ, ಸೌಂಡ್ ಮಾತ್ರ ಬರಬಾರ್ದು," ಅಂದರು ಸಾಹೇಬರು.

ದನಿ ಇಲ್ಲದ ಸಿನಿಮಾ! ಅದೂ ಒಬ್ಬ ಹಾಡುಗಾರನದ್ದು!

ದಾವಲ್‌ಗೆ ದುಃಖ ಉಕ್ಕಿ ಬಂತು. ಆದರೂ ಕೂತ ಜನರನ್ನು ಎಬ್ಬಿಸಿ ಕಳಿಸಲು ಮನಸ್ಸಾಗಲಿಲ್ಲ. ಸ್ಪೀಕರ್ ವೈರು ಕಿತ್ತು ಸಿನಿಮಾ ಶುರು ಮಾಡಿದ.

ಗೋಡೆಯ ಮೇಲೆ ಕಿರಾಣಿ ಅಂಗಡಿಯ ಅಜ್ಜ ಕಾಣಿಸಿಕೊಂಡ. ಕೈ ಬೀಸಿ ಏನೋ ಹೇಳುತ್ತಿದ್ದ, ಕೇಳಿಸುತ್ತಿರಲಿಲ್ಲ.

ಚಾಪೆ ಮೇಲಿದ್ದ ಅಜ್ಜ ಎದ್ದು ನಿಂತ. "ಏ, ಅದು ನಾನs! ನಾ ಏನಂದಿದ್ದೆ ಕೇಳ್ರಿ..." ಅಂತ ಗೋಡೆಯ ತುಟಿಗೆ ಸರಿಯಾಗಿ ತನ್ನ ಮಾತನ್ನು ತಾನೇ ಕೂಗಿದ!

ಎಲ್ಲರೂ ನಕ್ಕರು. ಮುಂದಿನ ಮುಖ ಬಂತು, ಆ ಮುಖದವರೂ ಎದ್ದು ನಿಂತರು. ಆಮೇಲೆ ಇನ್ನೊಬ್ಬರು... ಮತ್ತೊಬ್ಬರು...

ಹಾಡು ಬಂದಾಗ ದಾವಲ್ ಹಾರ್ಮೋನಿಯಂ ಎಳೆದುಕೊಂಡ. ಇಡೀ ಓಣಿ ಒಂದೇ ಗಂಟಲಿನಿಂದ ಹಾಡಿತು.

ಜೀಪಿನ ಪಕ್ಕ ನಿಂತಿದ್ದ ಪೇದೆ ತನ್ನ ಸಾಹೇಬರ ಮುಖ ನೋಡಿದ. ಅವರು ಮೆಲ್ಲಗೆ ಅಂದರು, "ಸ್ಪೀಕರಿಗೆ ಪರ್ಮಿಷನ್ ಬೇಕು... ಬಾಯಿಗೆ ಬೇಕಂತ ನಾ ಎಲ್ಲೂ ಓದಿಲ್ಲಪ."

ಅಷ್ಟರಲ್ಲಿ ಗೋಡೆಯ ತುಂಬ ಫಕ್ಕೀರವ್ವನ ಮುಖ ಬಂತು.

ಓಣಿ ಗಪ್ಪಾಯಿತು... ಆ ತುಟಿ ಅಲುಗುತ್ತಿತ್ತು. ಆ ಮಾತು ಆಡಲು ಆಕೆಯೇ ಇರಲಿಲ್ಲ.

ಆಗ ಜನರ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿಸಿತು. ಎಲ್ಲರಿಗಿಂತ ದೂರ, ಒಂದು ಮನೆಯ ಗೋಡೆಗೆ ಒರಗಿ ನಿಂತಿದ್ದ ಕಸ್ತೂರಿ!

"ಈ ಊರಿಗೆಲ್ಲಾ ನಾವು ಅರಿವಿ ನೇಯ್ದು ಕೊಟ್ಟೇವಿ. ನಮಗೊಂದು ಸೂರು ಬಿಟ್ಟುಕೊಡಾಕ ನಿಮಗ ಯಾಕಿಷ್ಟು ಸಂಕಟ?"

ಜನ ತಿರುಗಿ ನೋಡಿದರು. ಅದೇ ಎಳೆತ, ಅದೇ ಸಿಟ್ಟು... ಮನೆಯಲ್ಲಿ ಅವ್ವ ದಿನಾ ಆಡುತ್ತಿದ್ದ ಮಾತು ಅದು.

"ನಾ ಇವತ್ತಲ್ಲ ನಾಳೆ ಹೋಗಾಕಿ. ಆದ್ರ ನನ್ನ ಮಗಳು... ನನ್ನ ಮಗಳು..."

ಮುಂದೆ ಅವಳಿಗೆ ದನಿ ಹೊರಡಲಿಲ್ಲ.

ದಾವಲ್ ಥಟ್ಟನೆ ಸಿನಿಮಾ ನಿಲ್ಲಿಸಿದ. ಗೋಡೆಯ ಮೇಲೆ ಅವ್ವ ಹಾಗೇ ಮಗಳ ಕಡೆ ನೋಡುತ್ತಾ ನಿಂತಳು.

"ಅವಸರಿಲ್ಲ ತಂಗಿ," ಅಂದ ಅವನು. "ಅವ್ವ ಕಾಯ್ತಾಳ."

ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜನರ ನಡುವೆ ನಡೆದು ಗೋಡೆಯ ಹತ್ತಿರ ಬಂದಳು. ಅವ್ವನ ತುಟಿ ಮತ್ತೆ ಅಲುಗಿತು...

"...ನನ್ನ ಮಗಳು ಯಾರಿಗೂ ಅಂಜದs ಈ ಕಟ್ಟಿ ಮ್ಯಾಲ ಕುಂತು ಚಾ ಕುಡೀಬೇಕು. ಅಷ್ಟು ಸಾಕು ನನಗ!"

ಅಳದವರು ಅಲ್ಲಿ ಯಾರೂ ಇರಲಿಲ್ಲ.

ಸಿನಿಮಾ ಮುಗಿದ ಮೇಲೆ ಅವಳು ದಾವಲ್ ಹತ್ತಿರ ಬಂದು ಅಂದದ್ದು ಒಂದೇ ಮಾತು.

"ಅಣ್ಣಾ... ಅವ್ವನ್ನ ಇನ್ನೊಮ್ಮೆ ತೋರಸು."

ಮರುದಿನದಿಂದ ಧರಣಿಯ ಮುಂದಿನ ಸಾಲಿನಲ್ಲಿ ಕಸ್ತೂರಿ ಇದ್ದಳು. ಕೋರ್ಟಿನಲ್ಲಿ ಚಾಳದ ಕೇಸು ಬಹಳ ಕಾಲ ನಡೆಯಿತು. ಕೊನೆಗೆ ಚಾಳ ಉಳಿಯಿತು!

ಆ ಸಿನಿಮಾ ಊರೂರಿಗೆ ಹೋಯಿತು. ಇಂದಿಗೂ ಫಕ್ಕೀರವ್ವನ ಆ ದೃಶ್ಯ ಬಂದಾಗ ದಾವಲ್ ಸೌಂಡ್ ಬಂದ್ ಮಾಡುತ್ತಾನೆ... ಕಸ್ತೂರಿ ಎದ್ದು ನಿಲ್ಲುತ್ತಾಳೆ.

*ನಮ್ಮನ್ನು ಬೆಳೆಸಿದವರ ಮಾತು ನಮ್ಮ ಬಾಯಲ್ಲಿ ಇರುವವರೆಗೂ ಅವರ ದನಿಯನ್ನು ಯಾರೂ ಅಡಗಿಸಲಾರರು.*

ನಿಮ್ಮ ಅವ್ವ ದಿನಾ ಆಡುತ್ತಿದ್ದ ಯಾವ ಮಾತು ಇವತ್ತಿಗೂ ನಿಮಗೆ ಅವಳ ದನಿಯಲ್ಲೇ ಕೇಳಿಸುತ್ತದೆ?