ಕೊರಳ ಹಲಗೆ

ಮಗುವನ್ನು ಶಾಲೆಗೆ ಸೇರಿಸಿದ ದಿನ ಮುಂದಿಟ್ಟ ನಿಯಮಪತ್ರಕ್ಕೆ ಓದದೆಯೇ ಸಹಿ ಮಾಡಿದವರು ನೀವಲ್ಲವೇ? ಹಾಗಾದರೆ ಕುದೂರಿನ ಒಂದು ಇಂಗ್ಲಿಷ್ ಶಾಲೆಯ ಅಂಗಳದಲ್ಲಿ ಆ ಸಂಜೆ ನಡೆದದ್ದಕ್ಕೆ ನೀವೂ ಹೊಣೆ.

ಆ ಶಾಲೆಯಲ್ಲಿ ಕನ್ನಡ ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಹಲಗೆಯೊಂದನ್ನು ತೂಗುಹಾಕುತ್ತಾರೆ. ಕನ್ನಡ ಆಡಿದ ಇನ್ನೊಂದು ಮಗುವನ್ನು ಹಿಡಿದುಕೊಟ್ಟರೆ ಮಾತ್ರ ಅದು ಕಳಚಿ ಆ ಮಗುವಿನ ಕೊರಳಿಗೆ ಹೋಗುತ್ತದೆ. ಕೊನೆಯ ಗಂಟೆ ಹೊಡೆದಾಗ ಹಲಗೆ ಯಾರ ಬಳಿ ಇದೆಯೋ ಅವರಿಗೆ ಮರುದಿನ ಆಟವಿಲ್ಲ. ಮರುದಿನವೇ ಮಾಗಡಿಯಲ್ಲಿ ತಾಲ್ಲೂಕು ಮಟ್ಟದ ಕಬಡ್ಡಿ. ಹಲಗೆ ಇದ್ದದ್ದು ಏಳನೆಯ ತರಗತಿಯ ರಮ್ಯಳ ಕೊರಳಲ್ಲಿ. ಊಟದ ಹೊತ್ತಿನಲ್ಲಿ “ಒಸಿ ಉಪ್ಪಿನಕಾಯಿ ಕೊಡೆ” ಎಂದದ್ದೇ ಅವಳ ಅಪರಾಧ.

ಹಲಗೆಯನ್ನು ಬೆನ್ನಿಗೆ ತಿರುಗಿಸಿಕೊಂಡು ರಮ್ಯ ಅಭ್ಯಾಸಕ್ಕಿಳಿದಿದ್ದಳು. ಅವಳ ಕೈ ಹಿಡಿದು ಸರಪಳಿ ಕಟ್ಟಿದ್ದವಳು ನಾಹಿದಾ. ಮನೆಯಲ್ಲಿ ಉರ್ದು ಆಡುವ ಆ ಹುಡುಗಿಗೆ ಕನ್ನಡ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ. ಇದೇ ಅಂಕಣ, ಇದೇ ರಮ್ಯ. ದಾಳಿಗೆ ಬಂದ ಹುಡುಗಿ ರಮ್ಯಳನ್ನು ಮುಟ್ಟಿ ನಡುಗೆರೆಯತ್ತ ಓಡಿದಳು.

“ಕಾಲ್ ಹಿಡ್ಕೊಳೆ ರಮ್ಯಾ, ಬುಡ್ಬ್ಯಾಡ, ನಾ ಬಂದೆ,” ಎಂದು ನಾಹಿದಾ ಕೂಗಿದಳು.

ಗೆರೆಗೆ ಗೇಣು ದೂರದಲ್ಲಿ ಇಬ್ಬರೂ ಅವಳನ್ನು ಕೆಡವಿದರು. ಮೂವರೂ ಮಣ್ಣಲ್ಲಿ ಬಿದ್ದು ನಕ್ಕರು. ಮೊದಲು ನಗು ನಿಲ್ಲಿಸಿದವಳು ರಮ್ಯ. ಜವಾನ ಗಂಟೆಯ ಕಡೆಗೆ ನಡೆಯುತ್ತಿದ್ದುದು ಅವಳಿಗೆ ಕಾಣಿಸಿತು.

“ಸರ್, ನಾಹಿದಾ ಸ್ಪೋಕ್ ಕನ್ನಡ,” ಎಂದಳು ರಮ್ಯ.

“ನಿಂಗೋಸ್ಕರ ಅಲ್ವೇನೆ ಕೂಗಿದ್ದು?” ಎಂದಳು ನಾಹಿದಾ.

“ಇದೂ ಸೇರಿ ಎರಡು ಸಲ ಆಯ್ತು,” ಎಂದರು ಆಟದ ಮೇಷ್ಟ್ರು ಅಶೋಕ್. “ರೂಲ್ಸ್ ಅಂದ್ರೆ ರೂಲ್ಸ್ ಕಣಮ್ಮ. ಹಾಕ್ಕೊ.” ಅವರು ಹೇಳಿದ್ದೂ ಕನ್ನಡದಲ್ಲೇ. ಅವರಿಗೆ ಹಲಗೆ ಇರಲಿಲ್ಲ.

ರಮ್ಯ ತನ್ನ ಕೈಯಾರೆ ಹಲಗೆಯನ್ನು ಗೆಳತಿಯ ಕೊರಳಿಗೆ ಹಾಕಿದಳು. ಗಂಟೆ ಹೊಡೆಯಿತು.

ಮರುದಿನ ಬೆಳಿಗ್ಗೆ ನಾಹಿದಾ ವ್ಯಾನಿನ ಕಿಟಕಿಯ ಬಳಿ ಬಂದು ತನ್ನ ಮಂಡಿಪಟ್ಟಿಯನ್ನು ರಮ್ಯಳ ಕೈಗಿತ್ತಳು. “ಆಲ್ ದಿ ಬೆಸ್ಟ್, ರಮ್ಯಾ. ಪ್ಲೇ ವೆಲ್,” ಎಂದಳು. ಮಾಗಡಿಯ ಅಂಕಣದಲ್ಲಿ ಏಳೂ ಹುಡುಗಿಯರು ‘ಕಬಡ್ಡಿ’ ಎನ್ನುವುದು ಬಿಟ್ಟು ಬೇರೆ ಮಾತಿಗೆ ತುಟಿ ಬಿಚ್ಚದೆ ಆಡಿ ಸೋತರು. ನಾಹಿದಾ ಈಗಲೂ ರಮ್ಯಳೊಡನೆ ಮಾತನಾಡುತ್ತಾಳೆ. ಇಂಗ್ಲಿಷಿನಲ್ಲಿ, ಒಂದು ತಪ್ಪೂ ಇಲ್ಲದೆ.

ಆ ನಿಯಮಪತ್ರದ ಕೆಳಗೆ ನಿಮ್ಮ ಸಹಿ ಇನ್ನೂ ಇದೆ. ನಾಳೆ ಶಾಲೆಗೆ ಹೋಗಿ. ದಯವಿಟ್ಟು ಅದನ್ನು ಹೊಡೆದುಹಾಕಿ ಬನ್ನಿ.